ತೆಂಗಿನಕಾಯಿ ಒಪ್ಪಂದ

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಮಹಾಬಲೇಶ್ವರನಿಗೆ ಗೊತ್ತಿದ್ದದ್ದು ಒಂದೇ ವಿಷಯ: ಅದರಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದುಕೊಂಡೇ ಓಡುತ್ತಾರೆ. ಇಂಥ ಮನುಷ್ಯ ಕೆಲವೇ ವಾರಗಳಲ್ಲಿ ಟೆಕ್ಸಾಸಿನ ಫ್ರಿಸ್ಕೋ ಊರಿನ ಕಾಲೇಜು ಕ್ರೀಡಾ ಆದಾಯ ತಜ್ಞನೆಂದು ಹೆಸರಾಗಿ, ಡಲ್ಲಾಸಿನ ಸುತ್ತಮುತ್ತ ಒಂದು ತೆಂಗಿನಕಾಯಿಯೂ ಸಿಗದ ಪರಿಸ್ಥಿತಿ ತಂದಿಟ್ಟ. ಹೇಗಪ್ಪಾ ಇದೆಲ್ಲ ಎಂದು ಕೇಳಿದರೆ ಅವನು ಈಗಲೂ, "ಎಲ್ಲಾ ಆ ಜೋಳದಿಂದ" ಎನ್ನುತ್ತಾನೆ. ಆದ್ದರಿಂದ ನಾವೂ ಜೋಳದಿಂದಲೇ ಶುರುಮಾಡೋಣ.

ಪಕ್ಕದ ಮನೆಯ ಡ್ವೇನ್ ವಿಮಾ ಕಂಪನಿಯಿಂದ ನಿವೃತ್ತನಾದ ಭಾರೀ ಆಸಾಮಿ. ಅವನು ಓದಿದ್ದು ಅದೇ ಊರಿನ ಸೀಡರ್ ಕ್ರೀಕ್ ಯೂನಿವರ್ಸಿಟಿಯಲ್ಲಿ. ಅಲ್ಲಿನ ತಂಡಕ್ಕೆ ಆರ್ಮಡಿಲೋಸ್ ಎಂದು ಹೆಸರು. ಆರ್ಮಡಿಲೋ ಎಂದರೆ ನಮ್ಮ ಚಿಪ್ಪುಹಂದಿಯ ದೂರದ ನೆಂಟನಂತೆ ಕಾಣುವ ಪ್ರಾಣಿ. ಅದರ ಚಿತ್ರವಿರುವ ಬಾವುಟ ಡ್ವೇನನ ಮನೆಯೆದುರು ಮಳೆ ಬಿಸಿಲೆನ್ನದೆ ಹಾರುತ್ತಿತ್ತು. ಆಗಸ್ಟಿನ ಒಂದು ಶನಿವಾರ ಡ್ವೇನ್ ಹಿತ್ತಲಿನಲ್ಲಿ ಬಾರ್ಬೆಕ್ಯೂ ಇಟ್ಟುಕೊಂಡು ಅಕ್ಕಪಕ್ಕದವರನ್ನೆಲ್ಲ ಕರೆದ. ಮಾಂಸ ತಿನ್ನದ ಮಹಾಬಲೇಶ್ವರನ ಕೈಗೆ ಸುಟ್ಟ ಜೋಳದ ತೆನೆಯೊಂದು ಬಂತು. ಜೋಳ ತಿನ್ನುವವನನ್ನು ಯಾರೂ ಮಾತಾಡಿಸುವುದಿಲ್ಲ. ಮೂಲೆಯಲ್ಲಿ ನಿಂತು ಕಾಳು ಬಿಡಿಸುತ್ತಾ ಬಿಡಿಸುತ್ತಾ ಅವನಿಗೆ ತನ್ನ ಮೇಲೆ ತನಗೇ ಕನಿಕರ ಹುಟ್ಟಿತು.

ಗಂಡಸರೆಲ್ಲ ಒಲೆಯ ಸುತ್ತ ನಿಂತು ಒಂದೇ ವಿಷಯ ಮಾತಾಡುತ್ತಿದ್ದರು: ಸೀಡರ್ ಕ್ರೀಕ್ ಕಾನ್ಫರೆನ್ಸ್ ಬದಲಾಯಿಸಬೇಕೋ ಬೇಡವೋ? ಅಲ್ಲಿ ಕಾಲೇಜುಗಳು ಹತ್ತು ಹನ್ನೆರಡರ ಗುಂಪು ಕಟ್ಟಿಕೊಂಡು ತಮ್ಮತಮ್ಮೊಳಗೆ ಆಡುತ್ತವೆ. ಆ ಗುಂಪೇ ಕಾನ್ಫರೆನ್ಸ್. ಆಟ ತೋರಿಸುವುದಕ್ಕೆ ಟೀವಿಯವರು ಕೊಡುವ ಹಣ ಗುಂಪಿಗೆ ಬರುತ್ತದೆ, ಗುಂಪು ಅದನ್ನು ಕಾಲೇಜುಗಳಿಗೆ ಹಂಚುತ್ತದೆ. ಥೇಟ್ ಅವಿಭಕ್ತ ಕುಟುಂಬ. ಸೀಡರ್ ಕ್ರೀಕ್ ಇದ್ದದ್ದು ಹೂಸ್ಟನ್ನಿನಲ್ಲಿ ಕಚೇರಿಯಿರುವ ಪ್ರೇರಿ ಕಾನ್ಫರೆನ್ಸಿನಲ್ಲಿ. ಕಣ್ಣು ಹಾಕಿದ್ದು ಪೂರ್ವ ಕರಾವಳಿಯ ಓಷನ್ ಕಾನ್ಫರೆನ್ಸಿನ ಮೇಲೆ.

"ಮಹಾ, ನೀನೇನಂತೀಯ?" ಎಂದು ಡ್ವೇನ್ ಸೌಜನ್ಯಕ್ಕೆ ಕೇಳಿದ.

ಬೆಳಿಗ್ಗೆ ಕಾಫಿಗೆ ಕಾಯುತ್ತಾ ಫೋನಿನಲ್ಲಿ ನೋಡಿದ ಯಾವುದೋ ತಲೆಬರಹದ ಬಾಲ ಮಹಾಬಲೇಶ್ವರನ ನಾಲಿಗೆಗೆ ಸಿಕ್ಕಿತು. ಜೋಳವನ್ನು ಕೆಳಗಿಟ್ಟು ಗಂಭೀರವಾಗಿ ಹೇಳಿದ: "ಕೊನೆಗೆ ನೋಡಬೇಕಾದ್ದು ಒಂದೇ. ತಲಾ ಕಾಲೇಜಿಗೆ ಹಂಚಿಕೆ ಎಷ್ಟು?"

ಡ್ವೇನ್ ಇಕ್ಕಳ ಕೆಳಗಿಟ್ಟ. "ಎಲ್ರೂ ಕೇಳಿಸ್ಕೊಂಡ್ರಾ? ತಿಂಗಳಿಂದ ಬಡ್ಕೊಳ್ತಾ ಇದೀವಿ, ಒಬ್ಬನಾದ್ರೂ ಈ ಮಾತು ಆಡಿದ್ನಾ?" ಎಂದ. ಯಾರೋ ಕುರ್ಚಿ ಎಳೆದರು. ಹನ್ನೊಂದು ವರ್ಷ ಫ್ರಿಸ್ಕೋದಲ್ಲಿದ್ದರೂ ಮಹಾಬಲೇಶ್ವರನಿಗೆ ಬಾರ್ಬೆಕ್ಯೂನಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

ಮನೆಗೆ ಬಂದವನೇ ತಾನು ಹೇಳಿದ ಮಾತಿನ ಅರ್ಥವೇನೆಂದು ಹುಡುಕತೊಡಗಿದ. ಇವನ ಸ್ವಭಾವ ಅಂಥದು. ಮೊದಲು ಹೇಳುವುದು, ಆಮೇಲೆ ತಿಳಿದುಕೊಳ್ಳುವುದು. ಆದರೆ ತಿಳಿದುಕೊಳ್ಳಲು ಕೂತರೆ ಊಟ ನಿದ್ದೆ ಬೇಡ. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಎರಡು ಕಾನ್ಫರೆನ್ಸುಗಳ ಲೆಕ್ಕವನ್ನೂ ಜಾಲಾಡಿ, ಓಷನ್‌ನವರು ಪ್ರೇರಿಯವರಿಗಿಂತ ಮೂರು ಪಟ್ಟು ಹಂಚುತ್ತಾರೆ ಎಂದು ಕಂಡುಹಿಡಿದ. ಮೂರು ಪಟ್ಟು! ಕಂಡವರಿಗೆಲ್ಲ ಹೇಳಿದ. ಡ್ವೇನನ ಅಭಿಮಾನಿ ಸಂಘದವರು ಬೆಳಗಿನ ತಿಂಡಿಗೆ ಕರೆಸಿ ಅವನಿಂದ ಭಾಷಣವನ್ನೇ ಮಾಡಿಸಿದರು. ಭಾಷಣವೆಂದರೆ "ಮೂರು ಪಟ್ಟು" ಎನ್ನುವುದನ್ನೇ ಬೇರೆ ಬೇರೆ ದನಿಯಲ್ಲಿ ಹೇಳಿದ್ದು. ಚಪ್ಪಾಳೆ ಬಿತ್ತು. ಎದೆಯ ಮೇಲೆ ದೊಡ್ಡದಾಗಿ 3X ಎಂದು ಬರೆದ ಟೀಶರ್ಟ್ ಬಂತು.

ಮನೆಯಲ್ಲಿ ಆಗ ಅತ್ತೆ ಸರೋಜಾ ಇದ್ದರು. ಧಾರವಾಡದಿಂದ ಆರು ತಿಂಗಳಿಗೆಂದು ಬಂದು, ಬಂದ ದಿನದಿಂದ ಫ್ರಿಸ್ಕೋದ ಪ್ರತಿಯೊಂದನ್ನೂ ವಿಚಾರಣೆಗೆ ಗುರಿಪಡಿಸುತ್ತಿದ್ದರು.

"ಅಳತಿ ಚೀಟಿ ಎದಿ ಮ್ಯಾಲ್ ಯಾಕ ಹಚ್ಕೊಂಡೀರಿ ಅಳಿಯಂದ್ರ?"

ಮಹಾಬಲೇಶ್ವರ ವಿಷಯ ವಿವರಿಸಿದ. ಸರೋಜಮ್ಮ ಸಂಡಿಗೆ ಮುರಿಯುತ್ತಾ ಕೇಳಿದರು. ಅವಿಭಕ್ತ ಕುಟುಂಬ ಎಂದು ಅವನು ಸುಲಭ ಮಾಡಿ ಹೇಳಿದ್ದೇ ತಪ್ಪಾಯಿತು.

"ಹಂಗಾರ ಇದು ಸಂಬಂಧ ನೋಡಿಧಂಗ ಆತಲ್ರಿ. ಹ್ವಾದ ದಿನಾನ ಮೂರ ಪಟ್ಟು ಕೊಡ್ತಾರೇನು? ಹೊಸಾ ಸೊಸಿಗೆ ಹಿರೇ ಸೊಸಿಯಷ್ಟ ಬಡಸ್ತಾರೇನು? ಈ ಮನಿ ಬಿಟ್ಟು ಹೋಗಬೇಕಾದ್ರ ಇವರಿಗೆ ಏನೂ ಕೊಡೂದ ಬ್ಯಾಡೇನು?"

"ಅತ್ತೆ, ಇದು ಮದುವೆ ಅಲ್ಲ, ಮೀಡಿಯಾ ರೈಟ್ಸು" ಎಂದ ಮಹಾಬಲೇಶ್ವರ.

"ಇರ್ಲಿ ಬಿಡ್ರಿ. ಕೇಳಿದ್ನ್ಯಪ್ಪಾ" ಎಂದು ಅವರು ಇನ್ನೊಂದು ಸಂಡಿಗೆ ಮುರಿದರು.

ಆದರೆ ಕುತೂಹಲ ಎನ್ನುವುದು ಹಲ್ಲಿಗೆ ಸಿಕ್ಕಿಕೊಂಡ ಜೋಳದ ಸಿಪ್ಪೆಯ ಹಾಗೆ. ಮತ್ತೆ ಹುಡುಕಲು ಕೂತ. ಹೊಸದಾಗಿ ಸೇರಿದ ಕಾಲೇಜಿಗೆ ಮೊದಲ ಕೆಲವು ವರ್ಷ ಅರ್ಧ ಪಾಲಂತೆ. ಪ್ರೇರಿಯನ್ನು ಬಿಡುವುದಕ್ಕೆ ದೊಡ್ಡ ಮೊತ್ತ ಕಟ್ಟಬೇಕಂತೆ. ಮೇಲಾಗಿ ಹೋಗುವುದು ಫುಟ್‌ಬಾಲ್ ತಂಡ ಒಂದೇ ಅಲ್ಲ, ಈಜು, ವಾಲಿಬಾಲ್, ಟೆನಿಸ್, ಎಲ್ಲವೂ ಕಟ್ಟಿಕೊಂಡು ಹೋಗಬೇಕಂತೆ.

ಟೆನಿಸ್ ಎಂದು ಕಂಡಾಗ ಮಹಾಬಲೇಶ್ವರ ಆ ಸಾಲನ್ನು ಇನ್ನೊಮ್ಮೆ ಓದಿದ. ಏಕೆಂದರೆ ಮಗಳು ಸಂಹಿತಾ ಸೀಡರ್ ಕ್ರೀಕ್‌ನ ಟೆನಿಸ್ ತಂಡದಲ್ಲಿದ್ದಳು. ಹಾಸ್ಟೆಲಿಗೆ ಹೋದ ಮೇಲೆ ಆ ಹುಡುಗಿ ಮನೆಗೆ ಬರುವುದೇ ಅಪರೂಪ. ಅವಳನ್ನು ಕಣ್ಣುತುಂಬ ನೋಡಲು ಅಪ್ಪ ಅಮ್ಮನಿಗೆ ಇದ್ದ ದಾರಿ ಅವಳ ಪಂದ್ಯಗಳು. ಆಸ್ಟಿನ್ ಇರಲಿ, ಹೂಸ್ಟನ್ ಇರಲಿ, ಇವನೂ ಹೆಂಡತಿ ಪ್ರಭಾಳೂ ದೊಡ್ಡ ಡಬ್ಬಿ ತುಂಬ ಪುಳಿಯೋಗರೆ ಹಾಕಿಕೊಂಡು ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ಪಂದ್ಯ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ಡಿಕ್ಕಿ ತೆರೆದರೆ ಇಡೀ ತಂಡ ಮುತ್ತಿಕೊಳ್ಳುತ್ತಿತ್ತು. ಮಹಾಬಲೇಶ್ವರನ ವಾರವೆಲ್ಲ ಆ ಶನಿವಾರಕ್ಕಾಗಿಯೇ ಇರುತ್ತಿತ್ತು.

ಅಂದೇ ಸಂಹಿತಾಳ ಫೋನ್ ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಡ್ಯಾಡ್, ಸೀರಿಯಸ್ಲೀ? ಕ್ಯಾಂಪಸ್ಸಿನಲ್ಲಿ ಯಾರೋ 3X ಅಂತ ಟೀಶರ್ಟ್ ಮಾರ್ತಿದಾರೆ, ಅದರ ಮೇಲೆ ನಿನ್ನ ಹೆಸರಿದೆ. ನಾವು ಓಷನ್‌ಗೆ ಹೋದ್ರೆ ಬುಧವಾರ ಬಾಸ್ಟನ್‌ನಲ್ಲಿ ಮ್ಯಾಚ್ ಇರುತ್ತೆ, ಗೊತ್ತಲ್ವಾ? ಗುರುವಾರ ನಂಗೆ ಕೆಮಿಸ್ಟ್ರಿ ಲ್ಯಾಬ್. ನೀನೂ ಅಮ್ಮನೂ ಬಾಸ್ಟನ್‌ಗೆ ಬರ್ತೀರಾ?"

"ನೋಡೋಣ ಪುಟ್ಟಾ" ಎಂದ.

"ನೀವು ಬರಲ್ಲ" ಎಂದಳು ಅವಳು, ಮೆಲ್ಲಗೆ. ಅದು ಅವನಿಗೆ ಸರಿಯಾಗಿ ನಾಟಿತು. ಇಷ್ಟು ದಿನ ಊರೆಲ್ಲ ತಿರುಗಿ ತನ್ನ ಶನಿವಾರಗಳನ್ನು ತಾನೇ ಹರಾಜು ಹಾಕಿದ್ದ.

ಮರುದಿನವೇ ಮಾತು ಹಿಂದೆಗೆದುಕೊಳ್ಳಲು ಡ್ವೇನನ ಬೇಲಿಯ ಬಳಿ ಹೋದ. "ಡ್ವೇನ್, ಈ ಮೂರು ಪಟ್ಟು ಅನ್ನೋದಿದೆಯಲ್ಲಾ..." ಎಂದು ಶುರುಮಾಡುವಷ್ಟರಲ್ಲಿ ಡ್ವೇನ್ ಕಣ್ಣೊರೆಸಿಕೊಂಡ. "ಮಹಾ, ನಮ್ಮಪ್ಪ ಸಾಯೋವರೆಗೂ ಆರ್ಮಡಿಲೋಸ್ ದೊಡ್ಡ ಲೀಗಿನಲ್ಲಿ ಆಡೋದನ್ನ ನೋಡಬೇಕು ಅಂತಿದ್ದ. ನೀನು ಬಂದ ಮೇಲೆ ನಂಬಿಕೆ ಬಂದಿದೆ" ಎಂದ. ಹೀಗೆಂದವನಿಗೆ ಅರ್ಧ ಪಾಲಿನ ಲೆಕ್ಕ ಹೇಳುವ ಎದೆಗಾರಿಕೆ ಯಾರಿಗಿದೆ? "ಮೂರು ಪಟ್ಟು ಅನ್ನೋದು... ಕನಿಷ್ಠ" ಎಂದು ಹೇಳಿ ಒಳಗೆ ಬಂದ.

ಇಷ್ಟರಲ್ಲಿ ನವರಾತ್ರಿ ಬಂತು. ಮಹಾಬಲೇಶ್ವರ ಮೈಸೂರಿನವನು, ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ. ಪಟ್ಟದ ಗೊಂಬೆ, ದಶಾವತಾರ, ಶೆಟ್ಟಿ ದಂಪತಿಗಳ ಜೊತೆಗೆ ಈ ವರ್ಷ ಡ್ವೇನ್ ಪ್ರೀತಿಯಿಂದ ಕೊಟ್ಟ ಮರದ ಆರ್ಮಡಿಲೋ ಒಂದಿತ್ತು. ಸರೋಜಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವರಾಹಾವತಾರದ ಪಕ್ಕಕ್ಕೆ ಇಟ್ಟರು.

ಒಂದು ಸಂಜೆ ಗೊಂಬೆ ನೋಡಲು ಡ್ವೇನನ ಕಡೆಯವರು ಬಂದರು. ಅವರಲ್ಲಿ ಇಬ್ಬರು ಹೆಂಗಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಬ್ಬಳು ಕ್ಯಾರೊಲಿನ್, ಡ್ವೇನನ ತಂಗಿ. ಅಣ್ಣನ ಮನೆಗೆ ರಜೆಗೆ ಬಂದಿದ್ದಳು. ಅವಳು ಕೆಲಸ ಮಾಡುತ್ತಿದ್ದದ್ದು ಓಷನ್ ಕಾನ್ಫರೆನ್ಸ್ ಕಚೇರಿಯಲ್ಲಿ. ಕೆಲಸ ಎಂಥದ್ದೆಂದರೆ ರೆಫರಿಗಳಿಗೆ ಹೋಟೆಲ್ ರೂಮು ಬುಕ್ ಮಾಡುವುದು. ಇನ್ನೊಬ್ಬಳು ಲೋರಿ, ಡ್ವೇನನ ಹೆಂಡತಿಯ ಗೆಳತಿ, ಸೀಡರ್ ಕ್ರೀಕ್‌ನ ಕ್ರೀಡಾ ವಿಭಾಗದ ಡೈರೆಕ್ಟರನ ಹೆಂಡತಿ. ಇಬ್ಬರೂ ಬೊಂಬೆಗಳನ್ನು ನೋಡಿ "ಓ ಮೈ" ಎಂದರು, ಕಡಲೆ ಉಸಲಿ ತಿಂದು ಇನ್ನೊಮ್ಮೆ "ಓ ಮೈ" ಎಂದರು.

ಹೊರಡುವಾಗ ಸರೋಜಮ್ಮ ಪದ್ಧತಿಯಂತೆ ಇಬ್ಬರಿಗೂ ಕುಂಕುಮವಿಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ರವಿಕೆ ಕಣ, ಜುಟ್ಟಿರುವ ತೆಂಗಿನಕಾಯಿ ಇಟ್ಟು ಎರಡೂ ಕೈಯಲ್ಲಿ ಕೊಟ್ಟರು. ಲೋರಿ ಒಳ್ಳೆಯ ಸಂಸ್ಕಾರದ ಹೆಂಗಸು. ಎರಡು ಕೈಯಲ್ಲಿ ಬಂದದ್ದನ್ನು ಎರಡು ಕೈಯಲ್ಲಿ ಮುಂದೆ ದಾಟಿಸಬೇಕೆಂದು ಭಾವಿಸಿ ತನ್ನ ತಟ್ಟೆಯನ್ನು ಕ್ಯಾರೊಲಿನ್‌ಗೆ ಕೊಟ್ಟಳು. ಕ್ಯಾರೊಲಿನ್ ಗಾಬರಿಯಾಗಿ ತನ್ನದನ್ನು ಲೋರಿಗೆ ಕೊಟ್ಟಳು. ಇಬ್ಬರೂ ತಲೆಬಾಗಿಸಿದರು.

ಸರೋಜಮ್ಮ ನಕ್ಕು ನಕ್ಕು ಸೋಫಾ ಮೇಲೆ ಕೂತರು. "ಅಯ್ಯ ನಮ್ಮವ್ವ, ತಾಂಬೂಲ ಬದ್ಲಿ ಮಾಡ್ಕೊಂಡ ಬಿಟ್ರಲ್ಲ! ನಮ್ಮ ಕಡೆ ಹಿಂಗ ಮಾಡಿದ್ರ ಸಂಬಂಧ ಗಟ್ಟಿ ಆತು ಅಂತ ಅರ್ಥ!"

ಪ್ರಭಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಎಲ್ಲರೂ ನಕ್ಕರು. ಡ್ವೇನ್ ಫೋಟೋ ತೆಗೆದು, ಕೇಳಿದ್ದನ್ನು ಕೇಳಿದ ಹಾಗೆಯೇ ಅಭಿಮಾನಿ ಸಂಘದ ಗುಂಪಿಗೆ ಹಾಕಿದ: "ಮಹಾನ ಮನೆಯಲ್ಲಿ. ಇವರ ಸಂಪ್ರದಾಯದಲ್ಲಿ ಎರಡು ಕಡೆಯವರು ತೆಂಗಿನಕಾಯಿ ಬದಲಾಯಿಸಿಕೊಂಡರೆ ಸಂಬಂಧ ಖಾಯಂ."

ಕಾಲೇಜು ಫುಟ್‌ಬಾಲ್ ಅಭಿಮಾನಿಗಳೆಂದರೆ ಸಾಮಾನ್ಯರಲ್ಲ. ಯಾರ ವಿಮಾನ ಎಲ್ಲಿ ಇಳಿಯಿತು ಎಂಬುದರಿಂದಲೇ ಭವಿಷ್ಯ ಹೇಳುವವರು. ಬೆಳಗಾಗುವಷ್ಟರಲ್ಲಿ ಒಬ್ಬಳು ಡೈರೆಕ್ಟರನ ಹೆಂಡತಿಯೆಂದೂ ಇನ್ನೊಬ್ಬಳು ಓಷನ್ ಕಚೇರಿಯವಳೆಂದೂ ಪತ್ತೆಹಚ್ಚಿದರು. ರೆಫರಿಗಳ ಹೋಟೆಲ್ ರೂಮಿನ ಸಂಗತಿ ಯಾರಿಗೂ ಬೇಕಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ರೀಡಾ ರೇಡಿಯೋದಲ್ಲಿ ಅದಕ್ಕೆ "ತೆಂಗಿನಕಾಯಿ ಒಪ್ಪಂದ" ಎಂದು ಹೆಸರೂ ಬಿತ್ತು. ಆಸ್ಟಿನ್ನಿನಿಂದ ಒಬ್ಬ ಶ್ರೋತೃ ಫೋನ್ ಮಾಡಿ, "ತೆಂಗಿನಕಾಯಿಗೆ ಎಷ್ಟು ಕಣ್ಣು? ಮೂರು. ಆದಾಯ ಎಷ್ಟು ಪಟ್ಟು? ಮೂರು. ಇನ್ನೇನು ಸಾಕ್ಷಿ ಬೇಕು ನಿಮಗೆ?" ಎಂದು ಗುಡುಗಿದ.

ಹತ್ತಿರದ ಸೌತ್‌ಲೇಕಿನಿಂದ ಕನ್ನಡ ಬಳಗದ ಡಾಕ್ಟರ್ ಕೃಷ್ಣಚೈತನ್ಯರ ಫೋನ್ ಬಂತು. ಅವರು ಎಲ್ಲರ ಮನೆಯ ಸುದ್ದಿಯನ್ನೂ ನಾಡಿ ಹಿಡಿದು ತಿಳಿಯುವವರು. "ಏನ್ರೀ ಮಹಾಬಲೇಶ್ವರ, ನಿಮ್ಮನೇಲಿ ಒಂದು ಯೂನಿವರ್ಸಿಟಿಗೆ ಮದ್ವೆ ಮಾಡಿಸಿಬಿಟ್ರಂತೆ? ನಮ್ಮನ್ನ ಕರೀಲೇ ಇಲ್ವಲ್ರೀ!" ಹೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನಲ್ಲಿರುವ ಪ್ರಭಾಳ ಅಣ್ಣ ಪ್ರಶಾಂತ್ ಬಾಹ್ಯಾಕಾಶದ ಇಂಜಿನಿಯರ್, ಅವನು ಫೋನ್ ಮಾಡಿ, ಗ್ಯಾಲರಿಯ ಮೇಲಿನ ಸಾಲಿನಿಂದ ಎಸೆದ ತೆಂಗಿನಕಾಯಿ ಎಷ್ಟು ದೂರ ಹೋಗಬಹುದೆಂದು ಲೆಕ್ಕಹಾಕಿ ಹೇಳಿದ. ಆ ಲೆಕ್ಕ ವ್ಯರ್ಥವಾಗಲಿಲ್ಲ. ಶನಿವಾರದ ಪಂದ್ಯಕ್ಕೆ ಜನ ತೆಂಗಿನಕಾಯಿ ಹಿಡಿದೇ ಬಂದರು. ಗೇಟಿನಲ್ಲಿ ಕಾವಲಿನವರು ಅವನ್ನೆಲ್ಲ ಕಿತ್ತುಕೊಂಡು ರಾಶಿ ಹಾಕಿದರು. ವಿಜಯದಶಮಿಗೆ ಒಂದು ಕಾಯಿ ತರಲು ಹೋದ ಪ್ರಭಾ ಬರಿಗೈಯಲ್ಲಿ ವಾಪಸಾದಳು. "ನಾಲ್ಕು ಅಂಗಡಿ ಸುತ್ತಿದೆ ಕಣ್ರೀ. ಎಲ್ಲಾ ಕಡೆ ದೊಡ್ಡ ದೊಡ್ಡ ಟೋಪಿಯವ್ರು ಬಂದು ತಗೊಂಡು ಹೋದ್ರಂತೆ. ದೇವರಿಗೆ ಏನಿಡಲಿ, ನಿಮ್ಮ ಟೀಶರ್ಟಾ?" ಎಂದು ಗಂಡನ ಮೇಲೆ ಹರಿಹಾಯ್ದಳು.

ಸೋಮವಾರ ಯೂನಿವರ್ಸಿಟಿಯಿಂದ ಕರೆ ಬಂತು: ಡೈರೆಕ್ಟರ್ ಭೇಟಿಯಾಗಬೇಕಂತೆ.

ತನ್ನ ಜಂಬದಿಂದ ತಂಡದಲ್ಲಿ ಮಗಳ ಜಾಗ ಹೋಗುತ್ತದೆ, ಅಷ್ಟೇ, ಎಂದುಕೊಂಡ ಮಹಾಬಲೇಶ್ವರ. "ತಾಂಬೂಲ ಕೊಟ್ಟಾಕಿ ನಾನು, ಬೈಸ್ಕೊಳ್ಳೂದಿದ್ರ ನಾನೂ ಬರ್ತೀನಿ" ಎಂದು ಸರೋಜಮ್ಮ ಇಳಕಲ್ ಸೀರೆಯುಟ್ಟು ಕಾರಿನಲ್ಲಿ ಮೊದಲೇ ಕೂತಿದ್ದರು.

ಡೈರೆಕ್ಟರ್ ಬೂಟು ಹಾಕಿದ, ಮೀಸೆ ಬಿಟ್ಟ, ಬಾಗಿಲಿನಷ್ಟೇ ಅಗಲದ ಮನುಷ್ಯ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಲೋರಿ ತಂದ ಆ ತೆಂಗಿನಕಾಯಿ ಇತ್ತು. ಅವನು ಬಾಗಿಲು ಹಾಕಿ, ದನಿ ತಗ್ಗಿಸಿದ.

"ನೋಡಿ, ಒಂದು ವರ್ಷದಿಂದ ಹೂಸ್ಟನ್ನಿನ ಪ್ರೇರಿ ಕಚೇರಿಯವರು ನನ್ನ ಫೋನೇ ಎತ್ತಿರಲಿಲ್ಲ. ಈ ಕಾಯಿ ಬಂದ ಮೇಲೆ ದಿನಾ ಅವರೇ ಮಾಡ್ತಿದಾರೆ. ಬಿಟ್ಟು ಹೋಗಬೇಡಿ, ಪಾಲು ಜಾಸ್ತಿ ಮಾಡ್ತೀವಿ ಅಂತಾರೆ. ಆ ಕಡೆ ಓಷನ್‌ನವರು, ತೆಂಗಿನಕಾಯಿ ವಿಷಯ ನಮಗೇ ಗೊತ್ತಿರಲಿಲ್ಲ, ಆದರೆ ನಾವು ಮಾತಿಗೆ ತಪ್ಪುವವರಲ್ಲ ಅಂತಾರೆ. ನಾನು ಟೆಕ್ಸಾಸಿನವನು, ಬೇರೆಯವರ ಸಂಪ್ರದಾಯಕ್ಕೆ ಅವಮಾನ ಮಾಡೋನಲ್ಲ. ಅದಕ್ಕೇ ನಿಮ್ಮನ್ನೇ ಕರೆಸಿದೆ." ಮುಂದಕ್ಕೆ ಬಾಗಿದ. "ಹೇಳಿ. ತೆಂಗಿನಕಾಯಿ ಬದಲಾಯಿಸಿಕೊಂಡ ಮೇಲೆ, ಹಿಂದೆ ಸರಿಯಬಹುದಾ?"

ಮಹಾಬಲೇಶ್ವರನ ಜೀವಮಾನದಲ್ಲಿ ಇಷ್ಟು ತೂಕದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಳೆಯ ಮಹಾಬಲೇಶ್ವರನಾಗಿದ್ದರೆ ಕುರ್ಚಿಯಲ್ಲಿ ಹಿಂದಕ್ಕೊರಗಿ ಇನ್ನೊಂದು ತಲೆಬರಹ ಉದುರಿಸುತ್ತಿದ್ದ. ಅವನು ಅತ್ತೆಯ ಮುಖ ನೋಡಿದ.

"ಏನಂತರೀ ಈ ಮೀಶಿಯಪ್ಪ?" ಎಂದರು ಸರೋಜಮ್ಮ. ಅವನು ತಿಳಿಸಿದ. ಅವರು ಡೈರೆಕ್ಟರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ಲ, ಹುಡುಗೀನ್ನ ಕೇಳ್ಯಾರೇನು ಅಂತ ಕೇಳ್ರಿ" ಎಂದರು.

"ಏನಂದರು?" ಎಂದ ಡೈರೆಕ್ಟರ್.

ಮಹಾಬಲೇಶ್ವರ ಅನುವಾದಿಸಿದ: "ಹುಡುಗಿಯರನ್ನು ಯಾರಾದರೂ ಕೇಳಿದ್ದೀರಾ ಅಂತಿದ್ದಾರೆ." ಆಮೇಲೆ ತಡೆಯಲಾಗಲಿಲ್ಲ. "ಸರ್, ನನಗೆ ಫುಟ್‌ಬಾಲ್ ಗೊತ್ತಿಲ್ಲ. ಅದಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರು ಅನ್ನೋದೂ ಗೊತ್ತಿಲ್ಲ. ತಲಾ ಹಂಚಿಕೆ ಅನ್ನೋದನ್ನೂ ಹೇಳಿದ ಮೇಲೆ ಕಲಿತದ್ದು. ಮೂರು ಪಟ್ಟು ಬರೋದು ಎಷ್ಟೋ ವರ್ಷ ಆದ ಮೇಲೆ. ನನ್ನ ಮಗಳು ಟೆನಿಸ್ ಆಡ್ತಾಳೆ. ಅವಳು ಬುಧವಾರ ಬಾಸ್ಟನ್‌ನಲ್ಲಿದ್ರೆ ನಾನು ನೋಡೋಕಾಗಲ್ಲ. ನನಗಿರೋದು ಅಷ್ಟೇ, ಸರ್. ಆಸ್ಟಿನ್‌ಗೆ ಪುಳಿಯೋಗರೆ ತಗೊಂಡು ಹೋಗ್ತೀವಿ, ಅವಳು ತಿಂತಾಳೆ, ನಾನು ನೋಡ್ತೀನಿ."

ಇಲ್ಲಿಗೆ ಮುಗಿಯಿತು ನಮ್ಮ ಕಥೆ ಎಂದು ಮಹಾಬಲೇಶ್ವರ ಎದ್ದುನಿಂತ.

"ಆ ಹುಳಿ ಅನ್ನ," ಎಂದ ಡೈರೆಕ್ಟರ್ ನಿಧಾನವಾಗಿ, "ಕಡಲೆಬೀಜ ಹಾಕಿದ್ದು. ಹೋದ ವಸಂತದಲ್ಲಿ ಆಸ್ಟಿನ್ನಿನ ಪಾರ್ಕಿಂಗ್ ಲಾಟಿನಲ್ಲಿ ಕೋಚ್ ನನಗೆ ಒಂದು ಕಪ್ಪು ತಂದುಕೊಟ್ಟಿದ್ದಳು. ಅದು ನಿಮ್ಮದಾ?"

"ನಮ್ಮದೇ ಸರ್."

"ಕೂತ್ಕೊಳ್ಳಿ" ಎಂದ ಡೈರೆಕ್ಟರ್, ಬೇರೆಯದೇ ದನಿಯಲ್ಲಿ.

ಅದಾದ ಮೇಲೆ ಡೈರೆಕ್ಟರ್ ಈಜಿನವರನ್ನೂ ವಾಲಿಬಾಲಿನವರನ್ನೂ ಟೆನಿಸ್ ಹುಡುಗಿಯರನ್ನೂ ಕರೆಸಿ ಕೇಳಿದ್ದು ನಿಜ. ಹೂಸ್ಟನ್ನಿನವರು ಪಾಲು ಗಣನೀಯವಾಗಿ ಏರಿಸಿದ್ದೂ ನಿಜ. ಎರಡರಲ್ಲಿ ಯಾವುದಕ್ಕೆ ಯೂನಿವರ್ಸಿಟಿಯ ಮನಸ್ಸು ಕರಗಿತೆಂದು ಬಲ್ಲವರು ಹೇಳುವುದಿಲ್ಲ. ಎರಡನೆಯದಕ್ಕೇ ಇರಬೇಕೆಂದು ನಮ್ಮ ಊಹೆ. ಅಂತೂ ಡಿಸೆಂಬರ್ ಹೊತ್ತಿಗೆ ಸೀಡರ್ ಕ್ರೀಕ್ ಪ್ರೇರಿಯಲ್ಲೇ ಉಳಿಯುವುದೆಂದಾಯಿತು.

ಡ್ವೇನ್ ಎರಡು ತಿಂಗಳು ಮಹಾಬಲೇಶ್ವರನ ಜೊತೆ ಮಾತಾಡಲಿಲ್ಲ. ಅವರಪ್ಪನ ಆಸೆ ಆಸೆಯಾಗಿಯೇ ಉಳಿಯಿತಲ್ಲ! ಅದನ್ನು ನೆನೆದಾಗಲೆಲ್ಲ ಮಹಾಬಲೇಶ್ವರನಿಗೆ ನಿಜಕ್ಕೂ ನೋವಾಗುತ್ತಿತ್ತು. 3X ಟೀಶರ್ಟನ್ನು ಒಗೆದು, ಮಡಿಚಿ, ಒಳಗಿಟ್ಟ.

ಫೆಬ್ರವರಿಯಲ್ಲಿ ಟೆನಿಸ್ ಶುರುವಾಯಿತು. ಆಸ್ಟಿನ್ನಿಗೆ ಹೊರಡುವ ಹಿಂದಿನ ದಿನ ಪ್ರಭಾ ಪುಳಿಯೋಗರೆ ಗೊಜ್ಜು ಕುದಿಸಿ ನೋಡಿದರೆ ಮನೆಯಲ್ಲಿ ಒಣಕೊಬ್ಬರಿ ಇಲ್ಲ. "ಇಲ್ದಿದ್ರೆ ಪರವಾಗಿಲ್ಲ ಬಿಡಿ" ಎಂದಳು. ಸರೋಜಮ್ಮನಿಗೆ ಪರವಾಗಿಲ್ಲ ಎನ್ನುವ ಮಾತೇ ಆಗದು. ಅಳಿಯನನ್ನು ಹೊರಡಿಸಿಕೊಂಡು ನೇರ ಯೂನಿವರ್ಸಿಟಿಗೆ ಹೋದರು. ಟ್ರೋಫಿಗಳ ನಡುವೆ ಆ ಕಾಯಿಯನ್ನು ದೀಪ ಹಾಕಿ ಇಟ್ಟಿದ್ದರು, ಕೆಳಗೊಂದು ಹಿತ್ತಾಳೆ ಫಲಕ. ಡೈರೆಕ್ಟರ್ ಹೆಮ್ಮೆಯಿಂದ ಪೆಟ್ಟಿಗೆ ತೆರೆದು ಅವರ ಕೈಗಿತ್ತ. ಸರೋಜಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗೊಟಗೊಟ ಎಂದು ಒಳಗೆ ಕೊಬ್ಬರಿ ಉರುಳಿತು.

"ಛಲೋ ಕೊಬ್ಬರಿ ಆಗ್ಯದ. ಇಟ್ರ ಕಮಟ ಹಿಡೀತದ. ಇಂಥಾದನ್ನ ಯಾರರ ಪೆಟಿಗ್ಯಾಗ ಇಡ್ತಾರೇನ್ರಿ?"

"ಏನಂದರು?" ಎಂದ ಡೈರೆಕ್ಟರ್ ಭಕ್ತಿಯಿಂದ.

ಮಹಾಬಲೇಶ್ವರ ಒಂದು ಮಾತೂ ಸೇರಿಸದೆ ಅನುವಾದಿಸಿದ. ಅವನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ. ಕಾಯಿ ಸರೋಜಮ್ಮನ ಕೈಚೀಲದಲ್ಲಿ ಪ್ರಭಾಳ ಅಡುಗೆಮನೆಗೆ ಬಂತು.

ಆಸ್ಟಿನ್ನಿನಲ್ಲಿ ಸಂಹಿತಾ ಸೋತಳು, ಅದೂ ಕೆಟ್ಟದಾಗಿ. ರ‍್ಯಾಕೆಟ್ ಎಳೆದುಕೊಂಡು ಬಂದು, ಯಾರನ್ನೂ ನೋಡದೆ, ಡಿಕ್ಕಿಯ ಅಂಚಿನಲ್ಲಿ ಅಪ್ಪನ ಪಕ್ಕ ಕೂತಳು. ಅವನು ಡಬ್ಬಿಯ ಮುಚ್ಚಳದಲ್ಲಿ ಪುಳಿಯೋಗರೆ ಹಾಕಿಕೊಟ್ಟ. ಅವಳು ಎರಡು ತುತ್ತು ತಿಂದು ಮೂಗೊರೆಸಿಕೊಂಡಳು.

"ಇದನ್ನ ನೋಡೋಕೆ ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದ್ಯಾ ಡ್ಯಾಡ್?"

"ಹೂಂ" ಎಂದ ಮಹಾಬಲೇಶ್ವರ. ಅವನ ಮುಖದಲ್ಲಿದ್ದ ಸಂತೋಷ, ಮಗಳು ಸೋತ ಅಪ್ಪನಿಗೆ ಶೋಭಿಸುವಂಥದ್ದಾಗಿರಲಿಲ್ಲ.

ಆಗ ಪಕ್ಕದಲ್ಲಿ ಒಂದು ದೊಡ್ಡ ಟ್ರಕ್ಕು ನಿಂತಿತು. ಆರ್ಮಡಿಲೋ ಬಾವುಟ ಹಾರುತ್ತಿತ್ತು. ಡ್ವೇನ್ ಇಳಿದು, ಟೋಪಿ ತೆಗೆದು, ನೆಲ ನೋಡುತ್ತಾ ಬಂದ. ಪ್ರಭಾ ಒಂದು ಕಪ್ಪು ತುಂಬಿ ಕೊಟ್ಟಳು. ಅವನು ತಿಂದ, ನಿಂತ, ಕಪ್ಪಿನೊಳಗೆ ಇಣುಕಿದ.

"ಮಹಾ, ಇದರಲ್ಲಿ ಏನೋ ಹೊಸದು ಹಾಕಿದ್ದೀರಿ. ಏನದು?"

ಮಹಾಬಲೇಶ್ವರನಿಗೆ ಉತ್ತರ ಗೊತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ, ಗೊತ್ತಿದ್ದೂ, ಅವನು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದ. ಡ್ವೇನ್ ಇನ್ನೂ ಸ್ವಲ್ಪ ಹಾಕೆಂದು ಕಪ್ಪು ಚಾಚಿದ.